ಗೋಡೆಯ ಮೇಲಿನ ಗಾರ್ಸಿಯಾಗಳು

ನರ್ಸಮ್ಮ ಬಾಗಿಲಲ್ಲಿ ನಿಂತು "ಗಾರ್ಸಿಯಾ" ಎಂದು ಒಮ್ಮೆ ಕೂಗಿದಳು. ಬೆಂಚುಗಳ ಮೇಲೆ ಕೂತಿದ್ದವರಲ್ಲಿ ಅರ್ಧಕ್ಕರ್ಧ ಜನ ಎದ್ದು ನಿಂತರು. ಕೋಲೂರಿದ ಮುದುಕ, ದಿನ ತುಂಬಿದ ಬಸುರಿ, ಮೂಗು ಸೋರುವ ಮಗುವನ್ನು ಎತ್ತಿಕೊಂಡ ತಾಯಿ, ಎಲ್ಲರೂ. ಏನೋ ಅನಾಹುತವಾಗಿದೆ, ಹೊರಗೆ ಓಡಬೇಕು ಎಂದುಕೊಂಡು ನಾನೂ ಚೀಲ ಹೆಗಲಿಗೇರಿಸಿ ಎದ್ದೆ. ಸೀರೆಯ ಮೇಲೆ ಗಂಡನ ಜಾಕೆಟ್ಟು ತೊಟ್ಟ ಈ ಹೆಂಗಸೂ ಗಾರ್ಸಿಯಾ ಇರಬಹುದೇ ಎಂಬಂತೆ ನರ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗಂಡ ಸೆರಗು ಹಿಡಿದೆಳೆದು ಕೂರಿಸಿದ. ಕೆಲಸಕ್ಕೆ ಸೇರುವ ಮುಂಚಿನ ತಪಾಸಣೆಗೆಂದು ಆ ಆಸ್ಪತ್ರೆಗೆ ಹೋಗಿದ್ದೆವು. ಸ್ಪೇನ್ ದೇಶಕ್ಕೆ ಬಂದು ಆಗ ಒಂದು ವಾರವೂ ಆಗಿರಲಿಲ್ಲ.

ನಾನು ಕಂಪ್ಲಿ ತಾಲೂಕಿನ ಮೆಟ್ರಿಯಲ್ಲಿ ಹುಟ್ಟಿದವಳು. ಹೆಸರು ಹುಲಿಗೆಮ್ಮ. ಒಂದೇ ಹೆಸರಿಗೆ ಹಲವರು ಎದ್ದು ನಿಲ್ಲುವುದು ನನಗೆ ಹೊಸದಾಗಬಾರದಿತ್ತು. ಆ ದೇವಿಗೆ ಹರಕೆ ಹೊತ್ತ ಮನೆಗಳಲ್ಲೆಲ್ಲ ಒಬ್ಬ ಹುಲಿಗೆಮ್ಮ ಇದ್ದೇ ಇರುತ್ತಾಳೆ. ಗುರುತಿಗೆಂದು ಗಿರಣಿ ಹುಲಿಗೆಮ್ಮ, ಕಾಲುವೆ ಹುಲಿಗೆಮ್ಮ, ಕುಂಟಿ ಹುಲಿಗೆಮ್ಮ ಎಂದು ಹೆಸರಿಗೊಂದು ಬಾಲ ಕಟ್ಟುತ್ತಾರೆ. ನನಗೆ ಮಾತ್ರ ಅಂಥ ಬಾಲ ಇರಲಿಲ್ಲ. ನನ್ನ ಅಕ್ಕ ಗಂಗಮ್ಮ ಯಾರೆದುರಿಗೇ ಆಗಲಿ "ನಮ್ಮ ಹುಲಿಗಿ" ಎನ್ನುತ್ತಿದ್ದಳು, ಅಷ್ಟರಲ್ಲೇ ಎಲ್ಲರಿಗೂ ತಿಳಿಯುತ್ತಿತ್ತು.

ಅಕ್ಕನನ್ನು ಹೊಸಪೇಟೆಯ ಚಿತ್ತವಾಡ್ಗಿಗೆ ಕೊಟ್ಟರು, ನನ್ನನ್ನು ಹಂಪಿಗೆ. ಗಂಡ ವಿರುಪಣ್ಣ ಅಲ್ಲಿ ಗೈಡು. ಸೋದರತ್ತೆಯ ಮಗ, ಹುಟ್ಟಿದಾಗಿನಿಂದ ಕಂಡವನು, ಅದಕ್ಕೇ ಇವತ್ತಿಗೂ ಮಾವ ಎಂದೇ ಕರೆಯುತ್ತೇನೆ. ಸೀಸನ್ನಿನಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಬೇಸಿಗೆ ಬಂದರೆ ಕಟ್ಟೆಯ ಮೇಲೆ ಇಸ್ಪೀಟು. ಪ್ರವಾಸಿಗರ ಹಿಂದೆ ಅಲೆದು ಅಲೆದು ಅವನಿಗೆ ಸ್ಪ್ಯಾನಿಷ್ ಬರುತ್ತಿತ್ತು. ಪ್ರತಿ ವರ್ಷ ಬರುತ್ತಿದ್ದ ಒಬ್ಬ ಅತಿಥಿಯೇ ತಮ್ಮ ಸೀಮೆಯಲ್ಲಿ ಕೆಲಸಕ್ಕೆ ಜನ ಬೇಕು ಎಂದು ದಾರಿ ತೋರಿಸಿದ. ಮಾವನಿಗೆ ಅವರ ಮಾತು ಗೊತ್ತಿತ್ತು, ಅವರ ಮನೆ ಗೊತ್ತಿರಲಿಲ್ಲ. ಅದು ನಮಗೆ ಆಮೇಲೆ ತಿಳಿಯಿತು.

ನಾವು ಸೇರಿದ್ದು ಆ ದೇಶದ ದಕ್ಷಿಣಕ್ಕಿರುವ ಅಲ್ಮೆರಿಯಾ ಎಂಬ ಸೀಮೆಯ ಸಣ್ಣ ಊರನ್ನು. ಬಸ್ಸಿನ ಕಿಟಕಿಯಿಂದ ದೂರದಲ್ಲಿ ಬೆಳ್ಳಗೆ ಹರಡಿದ್ದನ್ನು ಕಂಡು, ನಮ್ಮ ಡ್ಯಾಮಿನ ಹಾಗೆ ಇಲ್ಲೂ ಹಿನ್ನೀರಿದೆ ಎಂದು ಜೀವಕ್ಕೆ ಸಮಾಧಾನವಾಗಿತ್ತು. ಹತ್ತಿರ ಹೋದರೆ ನೀರಲ್ಲ, ಪ್ಲಾಸ್ಟಿಕ್ಕು. ಬೆಟ್ಟದ ಬುಡದಿಂದ ಸಮುದ್ರದ ತನಕ ಹೊಲಗಳನ್ನೆಲ್ಲ ಪ್ಲಾಸ್ಟಿಕ್ ಚಪ್ಪರದಲ್ಲಿ ಮುಚ್ಚಿ, ಅದರೊಳಗೆ ಟೊಮೆಟೊ, ದಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಬೆಟ್ಟಗಳು ಮಾತ್ರ ನಮ್ಮವೇ. ಬೋಳು, ಅಲ್ಲಲ್ಲಿ ಸಂಡೂರಿನಂತೆ ಕೆಂಪಗೆ ಅಗೆದ ಗಾಯ. ಅಲ್ಲೂ ಕಬ್ಬಿಣದ ಅದಿರು ತೆಗೆಯುತ್ತಿದ್ದರಂತೆ, ಈಗ ಗಣಿಗಳು ಮುಚ್ಚಿವೆ.

ಮಾವ ಚಪ್ಪರದೊಳಗೆ ಕಾಯಿ ಕೀಳಲು ಹೋದ. ನಾನು ಪ್ಯಾಕಿಂಗ್ ಶೆಡ್ಡಿಗೆ. ಹಂಪಿಯ ಅಂಗಡಿಗಳಲ್ಲಿ ಸಾಲಿನಲ್ಲಿ ನಿಲ್ಲುವುದೆಂದರೆ ಮೊಣಕೈ ಗಟ್ಟಿ ಇರಬೇಕು. ಸ್ಪೇನಿನಲ್ಲಿ ಸಾಲೇ ಇಲ್ಲ. ಅಂಗಡಿಯಲ್ಲಿ ಜನ ಅಲ್ಲೊಬ್ಬರು ಇಲ್ಲೊಬ್ಬರು ನಿಂತಿರುತ್ತಾರೆ. ಒಳಗೆ ಬಂದವರು "ಉಲ್ತಿಮಾ?", ಅಂದರೆ ಕೊನೆಯವಳು ಯಾರು, ಎಂದು ಕೇಳಿ ಆಕೆಯ ಮುಖ ನೆನಪಿಟ್ಟುಕೊಂಡರೆ ಮುಗಿಯಿತು. ಎಷ್ಟೋ ತಿಂಗಳು ನನ್ನನ್ನು ದಾಟಿಕೊಂಡೇ ಎಲ್ಲರೂ ಕೊಂಡು ಹೋದರು. ಕೊನೆಗೊಂದು ದಿನ ಮೀನಿನಂಗಡಿಯಲ್ಲಿ ಯಾರೋ ಕೇಳಿದಾಗ "ಯೋ", ನಾನು, ಎಂದೆ. ಆಕೆ ತಲೆಯಾಡಿಸಿ ನನ್ನ ಹಿಂದೆ ನಿಂತಳು. ಮೀನು ತಿನ್ನದ ನಾನು ಆ ಖುಷಿಗೆ ಅಂಗಡಿಯವನಿಗೆ ಏನು ಹೇಳುವುದೆಂದು ತಿಳಿಯದೆ ಒಂದು ನಿಂಬೆಹಣ್ಣು ಕೊಂಡು ಬಂದೆ.

ನಮಗೆ ಮನೆ ಕೊಟ್ಟವಳು ರೆಮೇದಿಯೋಸ್ ಗಾರ್ಸಿಯಾ ಎಂಬ ಎಪ್ಪತ್ತು ದಾಟಿದ ವಿಧವೆ. ಕೆಳಗೆ ಅವಳ ಬಾರು, ಮೇಲೆ ನಮ್ಮ ಎರಡು ಕೋಣೆ. ಬಾರೆಂದರೆ ನಮ್ಮ ಕಡೆಯ ಬಾರೆಂದು ತಿಳಿಯಬೇಡಿ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಊಟ, ಸಂಜೆ ಅಜ್ಜಂದಿರ ಹರಟೆ. ಖಾನಾವಳಿ, ಚಹದಂಗಡಿ, ಊರಕಟ್ಟೆ ಮೂರೂ ಸೇರಿದ ಜಾಗ. ಅದರ ಒಂದಿಡೀ ಗೋಡೆಯ ತುಂಬ ಫೋಟೋಗಳು. ಮೊದಲ ಸಲ ಒಳಗೆ ಕರೆದು ರೆಮೇದಿಯೋಸ್ ಒಂದೊಂದನ್ನೇ ಬೆರಳಿಟ್ಟು ತೋರಿಸಿದಳು. ಇವನು ಫುಟ್ಬಾಲ್ ಆಟಗಾರ, ದೇಶಕ್ಕೆ ಆಡಿದವನು. ಇವನು ಗೂಳಿ ಕಾಳಗದವನು, ಗೂಳಿಯೇ ಕೊಂದಿತು. ಇವಳು ಹಾಡುಗಾರ್ತಿ. ಇವಳು ಸಂನ್ಯಾಸಿನಿ. ಇವನು ಸಮುದ್ರದಾಚೆಯ ಯಾವುದೋ ದೇಶದ ಅಧ್ಯಕ್ಷ. ಇವಳು ನಕ್ಷತ್ರಗಳ ಲೆಕ್ಕ ಹಾಕುವ ವಿಜ್ಞಾನಿ. ಎಲ್ಲರೂ ಗಾರ್ಸಿಯಾಗಳು. "ಲೋಸ್ ನ್ವೆಸ್ತ್ರೋಸ್" ಎಂದು ಎದೆಯ ಮೇಲೆ ಕೈಯಿಟ್ಟಳು. ನಮ್ಮವರು ಎಂದರ್ಥ, ಎಂದು ಮಾವ ಬಿಡಿಸಿ ಹೇಳಿದ.

ಆ ಹೊತ್ತಿಗಾಗಲೇ ಆಸ್ಪತ್ರೆಯ ಡಾಕ್ಟರು ಗಾರ್ಸಿಯಾ, ಬ್ರೆಡ್ಡಿನ ಅಂಗಡಿಯವನು ಗಾರ್ಸಿಯಾ, ಶೆಡ್ಡಿನಲ್ಲಿ ನಮ್ಮ ಮೇಲಿನ ಮೇಸ್ತ್ರಿ ಹೆಂಗಸು ಗಾರ್ಸಿಯಾ ಎಂದು ತಿಳಿದಿತ್ತು. ಈಗ ಗೋಡೆಯ ಮೇಲೆ ಅಧ್ಯಕ್ಷನವರೆಗೂ ಅವರೇ. ನಮ್ಮಲ್ಲಿ ಮನೆತನದ ಹೆಸರು ಒಂದೇ ಆದರೆ ಒಂದೇ ಬೆಡಗು, ಅಂದರೆ ಒಬ್ಬ ಮೂಲಪುರುಷನ ಸಂತಾನ. ಅವರವರಲ್ಲಿ ಕೊಡಲಿ ಹಿಡಿದು ಹೊಡೆದಾಡಿಕೊಂಡರೂ ಹೊರಗಿನವರು ಒಬ್ಬರ ಮೇಲೆ ಚಾಡಿ ಹೇಳಿದರೆ ಸಾಕು, ಎಲ್ಲರೂ ಒಂದಾಗಿ ಮೇಲೆ ಬೀಳುತ್ತಾರೆ. ಮೆಟ್ರಿಯಲ್ಲಿ ಬಾವಿಕಟ್ಟೆಯ ಮೇಲೆ ಆಡಿದ ಮಾತು ಊಟದ ಹೊತ್ತಿಗೆ ಅಣ್ಣತಮ್ಮಂದಿರ ಮನೆಗಳನ್ನೆಲ್ಲ ಸುತ್ತಿ ಬರುವುದನ್ನು ನೋಡಿ ಬೆಳೆದವಳು ನಾನು. ಇಂಥ ದೊಡ್ಡ ಮನೆತನದ ನೆರಳಲ್ಲಿ ಬದುಕಬೇಕಾದರೆ ಬಾಯಿಗೆ ಬೀಗ ಹಾಕಬೇಕು ಎಂದು ಅವತ್ತೇ ತೀರ್ಮಾನಿಸಿಕೊಂಡೆ.

ಬೀಗ ಹಾಕಿದ್ದಕ್ಕೆ ದಂಡ ತೆತ್ತಿದ್ದು ನನ್ನ ಬಲಗೈ. ಶೆಡ್ಡಿನಲ್ಲಿ ಮೇಸ್ತ್ರಿ ನನ್ನನ್ನು ನಿಲ್ಲಿಸಿದ್ದು ಕೋಲ್ಡ್ ಸ್ಟೋರೇಜಿನ ಬಾಗಿಲ ಬಾಯಿಗೆ. ಒಳಗಿನಿಂದ ಹಿಮದಂಥ ಗಾಳಿ, ಮುಂದೆ ನಿಲ್ಲದೆ ಹರಿಯುವ ಬೆಲ್ಟು. ಇಡೀ ದಿನ ಮಣಿಕಟ್ಟು ತಿರುವಿ ತಿರುವಿ ಕಾಯಿಗಳನ್ನು ಪೆಟ್ಟಿಗೆಗೆ ಜೋಡಿಸಬೇಕು. ಮೊದಲ ಚಳಿಗಾಲದಲ್ಲಿ ಬೆರಳು ಜೋಮು ಹಿಡಿದವು. ಎರಡನೆಯ ಚಳಿಗಾಲದಲ್ಲಿ ಬಟನ್ ಹಾಕಲು ಮಾವನನ್ನು ಕರೆಯಬೇಕಾಯಿತು. ಅಕ್ಕ ಕಟ್ಟಿ ಕಳಿಸಿದ ಜೋಳದ ಹಿಟ್ಟನ್ನು ಹಬ್ಬಕ್ಕೆಂದು ತೆಗೆದು ರೊಟ್ಟಿ ಬಡಿಯಲು ಕೂತರೆ ಅಂಗೈ ತಿರುಗಲಿಲ್ಲ. ಬಡಿದದ್ದೆಲ್ಲ ಅಂಚು ಒಡೆದು ಕೈಗೆ ಬಂತು.

ನಮ್ಮ ತವರಿನಲ್ಲಿ ಒಂದು ರೂಢಿ. ಇಡೀ ರೊಟ್ಟಿ ಬಂದವರ ತಟ್ಟೆಗೆ, ಮುರಿದ ರೊಟ್ಟಿ ಮನೆಯವರಿಗೆ. ಅಕ್ಕ ನಾನು ಜಗಳವಾಡಿಕೊಂಡು ಮುರಿದದ್ದನ್ನೇ ತಿಂದು ಬೆಳೆದವರು. ಅವತ್ತು ಮಾವ, ನಾನು ಮುರಿದ ರೊಟ್ಟಿ ಮುಂದಿಟ್ಟುಕೊಂಡು ಕೂತಾಗ ನನಗೆ ಅಳು ಬಂತು. ಡಾಕ್ಟರ ಹತ್ತಿರ ಹೋಗುತ್ತೇನೆ ಎಂದೆ. ಕೈ ಹೇಗೆ ಕೆಟ್ಟಿತು ಎಂದು ಕೇಳಿದರೆ ಮೇಸ್ತ್ರಿಯ ಹೆಸರು ಬರುತ್ತದಲ್ಲ ಎಂಬುದು ಮಾವನ ಚಿಂತೆ.

"ಇವರದ ಮನಿ, ಇವರದ ಕೂಲಿ, ಇವರದ ದವಾಖಾನಿ. ಒಬ್ಬರ ಮುಂದ ಇನ್ನೊಬ್ಬರ ಮಾತು ಆಡಿ, ನಾವು ಎಲ್ಲಿಗೆ ಹೋಗೂದು? ಸುಮ್ಕಿರು," ಎಂದ.

ಸುಮ್ಮನಿದ್ದೆ. ಔಡಲೆಣ್ಣೆ ಕಾಯಿಸಿ ತಿಕ್ಕಿಕೊಂಡೆ. ಊರಿಗೆ ಫೋನ್ ಮಾಡಿದಾಗ ಕೈಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಒಂಟಿತನ ಎಂದರೆ ಜನ ಇಲ್ಲದಿರುವುದು ಎಂದುಕೊಂಡಿದ್ದೆ. ಸುತ್ತ ಜನವಿದ್ದು, ಅವರೆಲ್ಲ ಒಬ್ಬರಿಗೊಬ್ಬರು ಆಗಿ, ನಾನೊಬ್ಬಳೇ ಯಾರಿಗೂ ಆಗದೆ ಉಳಿಯುವುದು ಅದಕ್ಕಿಂತ ಕಷ್ಟ. ಊರವರು ನನ್ನನ್ನು "ರೆಮೇದಿಯೋಸಳ ಇಂಡಿಯಾದವಳು" ಎನ್ನುತ್ತಿದ್ದರು. ಅವಳ ಕುರ್ಚಿ, ಅವಳ ನಾಯಿ ಎಂದ ಹಾಗೇ ಅದೂ ಒಂದು ಗುರುತು.

ಹೀಗಿರುವಾಗ ರೆಮೇದಿಯೋಸಳ ಮಗನ ಮದುವೆ ನಿಶ್ಚಯವಾಯಿತು. ನಲವತ್ತು ಮುಟ್ಟಿದ ಮಗ, ದೂರದ ಪಟ್ಟಣದಲ್ಲಿ ಕೆಲಸ, ಇನ್ನು ಆಗುವುದೇ ಇಲ್ಲ ಎಂದು ಆಕೆ ಕೈಬಿಟ್ಟಿದ್ದಳು. ಹುಡುಗಿ ಯಾರ ಪೈಕಿ ಎಂದು ನಮ್ಮ ರೂಢಿಯಂತೆ ಕೇಳಿದೆ. ಅವಳೂ ಗಾರ್ಸಿಯಾನೇ ಎಂದು ಆಕೆ ನಗುತ್ತ ಹೇಳಿದಳು. ಒಂದೇ ಬೆಡಗು! ಅಣ್ಣ ತಂಗಿ! ಇಷ್ಟು ದೊಡ್ಡ ಮನೆತನದಲ್ಲಿ ಹೇಳುವ ಹಿರಿಯರು ಒಬ್ಬರೂ ಇಲ್ಲವೇ?

ಮಾವನಿಗೆ ಹೇಳಿದರೆ ಕೈ ಮುಗಿದ, ಇದರೊಳಗೆ ನಾವು ಬಾಯಿ ಹಾಕುವುದು ಬೇಡ ಎಂದ. ಎರಡು ದಿನ ತಡೆದೆ. ಗೊತ್ತಿದ್ದೂ ಹೇಳದಿದ್ದರೆ ಪಾಪ ನಮಗೂ ತಟ್ಟುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ನನ್ನ ಕೈ ಸಾಯುತ್ತಿದ್ದರೂ ತೆಗೆಯದ ಬಾಯಿಯನ್ನು ಅವರ ಕುಲ ಕೆಡಬಾರದೆಂದು ತೆಗೆದೆ. ಈಗ ನೆನೆಸಿಕೊಂಡರೆ ನನ್ನ ಬುದ್ಧಿಗೆ ನಾನೇ ಹಣೆ ಹಣೆ ಬಡಿದುಕೊಳ್ಳಬೇಕು ಅನಿಸುತ್ತದೆ.

ಅವತ್ತು ಮಳೆ. ಅಲ್ಲಿ ಮಳೆ ಬಲು ಅಪರೂಪ. ಬಂದ ದಿನ ಊರಿಗೆ ಊರೇ ಮಿಗಾಸ್ ಮಾಡುತ್ತದೆ. ರವೆಯನ್ನು ಎಣ್ಣೆ, ಬೆಳ್ಳುಳ್ಳಿ ಹಾಕಿ ಉದುರುದುರಾಗಿ ಹುರಿಯುತ್ತಾರೆ, ನಮ್ಮ ಉಪ್ಪಿಟ್ಟಿನ ದೂರದ ಸಂಬಂಧಿ. ಬಾರಿನ ಅಡುಗೆಮನೆಯಲ್ಲಿ ರೆಮೇದಿಯೋಸ್ ಬಾಣಲೆಯ ಮುಂದೆ, ನಾನು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ನನ್ನ ಹರಕು ಸ್ಪ್ಯಾನಿಷ್‌ನಲ್ಲಿ, ಮದುವೆ ಬೇಡ, ಅವರಿಬ್ಬರೂ ಎರ್ಮಾನೋ ಎರ್ಮಾನಾ, ಅಣ್ಣ ತಂಗಿ, ಎಂದುಬಿಟ್ಟೆ. ಆಕೆ ಸೌಟು ಹಿಡಿದವಳು ಹಿಡಿದ ಹಾಗೇ ನಿಂತಳು. ಅವಳೂ ಗಾರ್ಸಿಯಾ, ಇವನೂ ಗಾರ್ಸಿಯಾ ಎಂದು ಬಿಡಿಸಿ ಹೇಳಿದೆ. ಆಗ ನಗಲು ಶುರು ಮಾಡಿದಳು ನೋಡಿ, ಸ್ಟೂಲು ಎಳೆದುಕೊಂಡು ಕೂರಬೇಕಾಯಿತು. ತನ್ನ ಅಪ್ಪ ಗಾರ್ಸಿಯಾ, ಅಮ್ಮ ಗಾರ್ಸಿಯಾ, ಸತ್ತ ಗಂಡ ಗಾರ್ಸಿಯಾ, ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ, ಆ ಹೆಸರು ಈ ದೇಶದಲ್ಲಿ ರಸ್ತೆಯ ಕಲ್ಲಿನಷ್ಟು ಇದೆ ಎಂದಳು. ಆಮೇಲೆ ಕಣ್ಣೊರೆಸಿಕೊಂಡು, ನಿಮ್ಮಲ್ಲಿ ಹಾಗಾದರೆ ಯಾರನ್ನು ಮದುವೆಯಾಗುತ್ತೀರಿ, ನಿನ್ನ ಗಂಡ ನಿನಗೆ ಏನಾಗಬೇಕು ಎಂದು ಕೇಳಿದಳು. ಸೋದರತ್ತೆಯ ಮಗ ಎಂದೆ. ನಗು ನಿಂತೇಹೋಯಿತು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ನನ್ನನ್ನು ಪಿಳಿಪಿಳಿ ನೋಡಿದಳು. ನಾನು ಅವಳ ಮಗನ ಮದುವೆಗೆ ಹೆದರಿದಷ್ಟೇ ಅವಳು ನನ್ನ ಮದುವೆಗೆ ಹೆದರಿದ್ದಳು.

ಆಗ ಚಾಕು ನನ್ನ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಆಕೆ ಬಗ್ಗಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಎಲ್ಲ ಹೇಳಿದೆ. ಯಾಕೆ ಹೇಳಲಿಲ್ಲ ಎಂದಳು. ಮೇಸ್ತ್ರಿ ನಿಮ್ಮವಳು, ಡಾಕ್ಟರು ನಿಮ್ಮವನು, ಎಂದು ಗೋಡೆಯ ಕಡೆ ಕೈ ತೋರಿಸಿದೆ.

ಆಕೆ ಬಾಣಲೆಯ ಉರಿ ಆರಿಸಿದಳು. ಅವಳು ಆಮೇಲೆ ಆಡಿದ ಮಾತು ನನ್ನ ಕಿವಿಗೆ ಇವತ್ತಿಗೂ ನಮ್ಮ ಭಾಷೆಯಲ್ಲೇ ಕೇಳುತ್ತದೆ. ನನ್ನ ಹೆಸರು ಮಾತ್ರ ಅವಳ ಬಾಯಲ್ಲಿ ಊಲಿ.

"ಆ ಗ್ವಾಡಿ ಮ್ಯಾಗ ಇರೋರು ಒಬ್ಬರೂ ನನಗ ಏನೂ ಆಗಬೇಕಿಲ್ಲ, ಊಲಿ. ನಾನೂ ಈ ಊರಾಕಿ ಅಲ್ಲ."

ಬೆಟ್ಟದ ಮೇಲಿನ ಗಣಿ ಮುಚ್ಚಿದಾಗ ಹೊಸದಾಗಿ ಮದುವೆಯಾದ ಅವಳು ಗಂಡನ ಜೊತೆ ಇಲ್ಲಿಗೆ ಇಳಿದು ಬಂದಳಂತೆ. ಊರವರು ಗಣಿಯವರನ್ನು ಮಾತನಾಡಿಸುತ್ತಿರಲಿಲ್ಲ. ಬಾರು ತೆರೆದರೆ ಒಳಗೆ ಕಾಲಿಡುತ್ತಿರಲಿಲ್ಲ. ಒಂದು ದಿನ ಪತ್ರಿಕೆಯಲ್ಲಿ ಆ ಫುಟ್ಬಾಲ್ ಆಟಗಾರನ ಚಿತ್ರ ಕಂಡು, ಹೆಸರು ಒಂದೇ ಎಂದು ಕತ್ತರಿಸಿ ಅಂಟಿಸಿದಳು. ಬಂದವನೊಬ್ಬ, ನಿಮ್ಮವನೇ ಎಂದು ಕೇಳಿದ. ಹೌದು ಎಂದಳು. ಮರುದಿನ ಅವನು ಗೆಳೆಯರನ್ನು ಕರೆತಂದ. ಆಮೇಲೆ ಹೆಸರಾದ ಗಾರ್ಸಿಯಾ ಎಲ್ಲಿ ಕಂಡರೂ ತಂದು ತೂಗುಹಾಕುತ್ತ ಹೋದಳು. ಯಾರೂ ಇಲ್ಲದವಳಿಗೆ ಒಂದು ಗೋಡೆಯಷ್ಟು ಜನರಾದರು. ಈಗ ನಿಜ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಮೇಸ್ತ್ರಿಯ ವಿಷಯ ಬಂದಾಗ ಮಾತ್ರ, ಅವಳ ಮುಖ ಕಂಡರೆ ತನಗೆ ಆಗುವುದಿಲ್ಲ ಎಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಇಲ್ಲದ ಒಂದು ಮನೆತನಕ್ಕೆ ಹೆದರಿ ಎರಡು ಚಳಿಗಾಲ ಕೈ ಕೊಂದುಕೊಂಡಿದ್ದೆ. ಆಕೆ ತಣ್ಣಗಾದ ಬಾಣಲೆಯನ್ನು ಎಳೆದು, ತಳಕ್ಕೆ ಹತ್ತಿದ ಕರಿಕು ಮಿಗಾಸನ್ನು ಕೆರೆದು ಅರ್ಧ ನನಗೆ ಕೊಟ್ಟು ಅರ್ಧ ತಾನು ತಿಂದಳು. ಒಳ್ಳೆಯದು ಹೊರಗೆ ಗಿರಾಕಿಗಳಿಗೆ ಹೋಯಿತು.

ಮರುದಿನ ಬೆಳಿಗ್ಗೆ ಅವಳೇ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಮಣಿಕಟ್ಟಿನಲ್ಲಿ ನರ ಹಿಸುಕಿಹೋಗಿದೆ, ಕೊಯ್ಯಬೇಕು, ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರ್ ಗಾರ್ಸಿಯಾ. ಶೆಡ್ಡಿನ ಮೇಸ್ತ್ರಿಯೂ ಹಾಗೇ ಅಂದಳು, ಹೇಳಿದ್ದರೆ ಜಾಗ ಬದಲಿಸುತ್ತಿದ್ದೆನಲ್ಲ ಎಂದು. ಈಗ ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸ. ಕೊಯ್ದ ಮೇಲೆ ನೋವು ಹೋಯಿತು. ಎರಡು ಬೆರಳುಗಳಿಗೆ ಮಾತ್ರ ಜೀವ ಪೂರ್ತಿ ಮರಳಲಿಲ್ಲ, ಇನ್ನು ಮರಳುವುದೂ ಇಲ್ಲವಂತೆ.

ಈ ಸಲ ಊರಿಗೆ ಹೊರಟಾಗ ರೆಮೇದಿಯೋಸ್ ಗೋಡೆಗೆ ಹೊಸ ಮೊಳೆ ಹೊಡೆದಳು. ಅಲ್ಲಿನ ಕಾಗದಗಳಲ್ಲಿ ನನ್ನ ಹೆಸರಿನ ಹಿಂದೆ ಮೆಟ್ರಿ ಎಂದಿದೆ. ಮೆಟ್ರಿಗಳಲ್ಲಿ ಹೆಸರಾದವರು ಯಾರಿದ್ದಾರೋ ಒಬ್ಬರ ಫೋಟೋ ತಾ ಎಂದಳು. ಅದು ಊರಿನ ಹೆಸರು, ಅಲ್ಲಿ ಭತ್ತ ಬೆಳೆಯುತ್ತಾರೆ, ಫೋಟೋ ತೂಗುಹಾಕುವಂಥವರು ಯಾರೂ ಇಲ್ಲ ಎಂದೆ. ಯಾರಾದರೂ ಇದ್ದೇ ಇರುತ್ತಾರೆ, ನೋಡು, ಎಂದಳು.

ಈಗ ಚಿತ್ತವಾಡ್ಗಿಯಲ್ಲಿ ಅಕ್ಕನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಂದ ದಿನದಿಂದ ಸುಸ್ತು. ಇಲ್ಲಿನ ಬಿಸಿಲು ತಡೆಯುತ್ತಿಲ್ಲ, ಖಾರ ಬಾಯಿ ಸುಡುತ್ತದೆ, ಕಿರಾಣಿ ಅಂಗಡಿಯಲ್ಲಿ ಯಾರು ಕೊನೆಯವರು ಎಂದು ಹುಡುಕುತ್ತ ನಿಂತರೆ ಎಲ್ಲರೂ ನನ್ನನ್ನು ದಾಟಿಕೊಂಡು ಹೋಗುತ್ತಾರೆ. ಅಲ್ಲಿದ್ದಾಗ ಇದೇ ಊರಿಗಾಗಿ ಹಂಬಲಿಸಿದ್ದೆ ಎಂದು ನೆನೆದರೆ ನಗುವೂ ಬರುವುದಿಲ್ಲ.

ಮೊನ್ನೆ ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಣೆಯ ಮೇಲೆ ಹಿಟ್ಟು, ಕೈ ತನ್ನಷ್ಟಕ್ಕೆ ತಿರುಗುತ್ತಿತ್ತು. ಫೋನ್ ತೆಗೆದು ಒಂದು ಫೋಟೋ ಹೊಡೆದೆ. ಮೆಟ್ರಿಯಲ್ಲಿ ಇವಳಷ್ಟು ತೆಳುವಾಗಿ ಬಡಿದವರು ಹಿಂದೆ ಇರಲಿಲ್ಲ ಎಂದು ಬರೆದು ರೆಮೇದಿಯೋಸಳಿಗೆ ಕಳಿಸಿದೆ. ಆ ಹೊತ್ತಿಗೆ ಓಣಿಯ ಹೊಸ ಬಾಡಿಗೆಯವಳೊಬ್ಬಳು ಮಜ್ಜಿಗೆ ಕೇಳಲು ಬಂದಳು. ನನ್ನನ್ನು ನೋಡಿ ಅಕ್ಕನನ್ನು ಕೇಳಿದಳು.

"ಯಾರಬೇ ಗಂಗಕ್ಕ, ಬೀಗರೇನು?"

"ಅಲ್ಲವ್ವಾ," ಎಂದಳು ಅಕ್ಕ, ಹಿಟ್ಟಿನಿಂದ ಕಣ್ಣೆತ್ತದೆ. "ಸ್ಪೇನ್ ಹುಲಿಗೆಮ್ಮ."

ನಮ್ಮ ಹುಲಿಗಿ ಎನ್ನಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಓಣಿಯಲ್ಲಿ ಎಲ್ಲರೂ ಈಗ ಹಾಗೇ ಗುರುತು ಹೇಳುತ್ತಾರೆ, ಅವಳ ಬಾಯಿಗೂ ಬಂದಿದೆ. ಆದರೂ ನಾನೂ ಬಡಿಯುತ್ತೇನೆ ಎಂದು ಹಟ ಮಾಡಿ ಅವಳ ಪಕ್ಕ ಕೂತೆ. ಒಂದನ್ನು ಬಡಿದೆ. ಅಂಚು ಒಡೆದು ನಡುವೆ ಸೀಳು ಬಿಟ್ಟಿತು. ಅಕ್ಕ ನನ್ನ ಎರಡು ಬೆರಳುಗಳನ್ನು ನೋಡಿದಳು, ಆ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿದಳು.

ಆಗಲೇ ಫೋನಿಗೆ ರೆಮೇದಿಯೋಸಳ ದನಿ ಬಂತು. ಹಿಂದೆ ಬಾರಿನ ಗದ್ದಲ, ಕಪ್ಪು-ಬಸಿಗಳ ಸದ್ದು. ಆಗಲೇ ಗೋಡೆಯ ಮುಂದೆ ನಿಂತು ಗಿರಾಕಿಗಳಿಗೆ ಫೋಟೋ ತೋರಿಸುತ್ತಿದ್ದಾಳೆ. ಏನಂತಾಳೆ ಎಂದು ಅಕ್ಕ ಕೇಳಿದಳು.

"ನಮ್ಮಾಕಿಯ ಅಕ್ಕ ಅಂತ ನಿನ್ನ ತೋರಿಸಾಕತ್ಯಾಳ," ಎಂದೆ.

"ನಮ್ಮಾಕಿ ಅಂದ್ರ ಯಾರು?"

"ನಾನು."

ಅಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿದಳು. ಆಮೇಲೆ ತಟ್ಟೆ ಇಟ್ಟಳು. ಪುಂಡಿಪಲ್ಲೆ ಬಡಿಸಿದಳು. ನಾನು ಬಡಿದ ಮುರುಕು ರೊಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅದನ್ನು ನನಗೆ ಕೊಡು ಎಂದು ಕೈ ಚಾಚಿದೆ.

"ಬ್ಯಾಡ ಬಿಡು, ನೀ ಚಲೋದು ಉಣ್ಣು," ಎಂದು, ತಾನು ಬಡಿದ ಇಡೀ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು.